ರುದ್ರವ್ವನ ಟಿಕೆಟ್

ಬೆರಳೊತ್ತಿದರೆ ಸಾಕು, ಬೆವರಿನಲ್ಲಿ ಜೀವಕೋಶಗಳು ಬಿಟ್ಟ ಸಣ್ಣ ಗುಳ್ಳೆಗಳ ಮೈಮೇಲಿನ ಪ್ರೋಟೀನ್ ಗುರುತು ಓದಿ ಬಸ್ಸಿನ ಯಂತ್ರ ಟಿಕೆಟ್ ಕೊಡುತ್ತಿತ್ತು. ನೀಲಗಂಗವ್ವನಿಗೆ ಮಾತ್ರ ಯಾವಾಗಲೂ ಎರಡು. ಒಂದು ಅವಳದು, ಇನ್ನೊಂದು ಅವಳಿಗೆ ಕಿಡ್ನಿ ಕೊಟ್ಟ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ ರುದ್ರವ್ವನದು. "ಇಬ್ಬರೂ ಹತ್ತೀರಿಲ್ಲೋ ಅಕ್ಕಾರ?" ಎಂದು ಕಂಡಕ್ಟರ್ ಮಕ್ತುಮ್ ದಿನಾ ನಗಿಸುತ್ತಿದ್ದ. ಅವಳು ಪಕ್ಕದ ಸೀಟಿನಲ್ಲಿ ಕೈಚೀಲ ಇಟ್ಟರೂ ಯಾರೂ ತಕರಾರು ಮಾಡುತ್ತಿರಲಿಲ್ಲ.

ಇವತ್ತು ಒಂದೇ ಟಿಕೆಟ್ ಬಂತು. ಬೆರಳನ್ನು ಸೆರಗಿಗೆ ಒರೆಸಿ ಮತ್ತೆ ಒತ್ತಿದಳು. ಒಂದೇ.

"ಹೋಲ್ಡಾನ್! ಒಬ್ರು ಕೆಳಗ ಉಳದಾರ ನೋಡ್ರಿ!" ಎಂದು ಕೂಗಿದ ಮಕ್ತುಮ್, ಅವಳ ಮುಖ ನೋಡಿ ತನ್ನ ಮಾತಿಗೆ ತಾನೇ ಬೆಚ್ಚಿದ. ಕೊಟ್ಟವರ ಗುರುತು ಮಾಯವಾದರೆ ಮೈ ಆ ಕಿಡ್ನಿಯನ್ನು ಒಲ್ಲೆ ಅನ್ನುತ್ತಿದೆ ಎಂದು ಬಸ್ಸಿನಲ್ಲಿ ಗೊತ್ತಿಲ್ಲದವರಿರಲಿಲ್ಲ. ಯಾರೂ ಹೇಳುವ ಮೊದಲೇ ಡ್ರೈವರ್ ಬಸ್ಸನ್ನು ಆಸ್ಪತ್ರೆಯ ಕಡೆ ತಿರುಗಿಸಿದ. ಒಬ್ಬರೂ ಗೊಣಗಲಿಲ್ಲ.

ನೀಲಗಂಗವ್ವನಿಗೆ ನಿನ್ನೆಯ ಜಗಳ ನೆನಪಾಯಿತು. ಮಾಳಿಗೆಯ ಮೇಲೆ ಹಪ್ಪಳ ಯಾರು ಮೊದಲು ಒಣಹಾಕಬೇಕು ಅನ್ನುವುದಕ್ಕೆ ಶುರುವಾಗಿ, "ನಂದು ನನಗ ಕೊಟ್ಟುಬಿಡು" ಎಂದು ರುದ್ರವ್ವ ಅಂದುಬಿಟ್ಟಿದ್ದಳು. ನೀಲಗಂಗವ್ವ ಅವಳಿಗೇ ಫೋನ್ ಹಚ್ಚಿದಳು.

"ಯಕ್ಕಾ, ಇವತ್ತ ನಿನ್ನ ಟಿಕೆಟ್ ಬರಲಿಲ್ಲ. ಬಸ್ ಆಸ್ಪತ್ರೆಗೆ ಹೊಂಟೈತಿ."

"ಸಿಟ್ಟಿನ್ಯಾಗ ಅಂದ ಮಾತದು, ಹುಚ್ಚಿ" ಎಂದಳು ರುದ್ರವ್ವ. "ನಾ ಆಸ್ಪತ್ರೆಗೆ ಬರಾಕತ್ತೇನಿ. ಅಲ್ಲೀತನಕ ಫೋನ್ ಹೊಟ್ಟಿಗೆ ಹಿಡಿ. ಆ ಕಿಡ್ನಿಗೆ ನಾನಽ ಹೇಳ್ತೀನಿ."

ನೀಲಗಂಗವ್ವ ಫೋನನ್ನು ಸೆರಗಿನೊಳಗೆ ಹೊಟ್ಟೆಗೆ ಒತ್ತಿ ಹಿಡಿದಳು. ಮಕ್ತುಮ್ ತುಟಿಯ ಮೇಲೆ ಬೆರಳಿಟ್ಟು ಇಡೀ ಬಸ್ಸನ್ನು ಸುಮ್ಮನಾಗಿಸಿದ.