ಎರಡು ಅಂಟಿನುಂಡಿ

ಎರಡು ವರ್ಷದ ಹಿಂದೆ ಕಾಮಾಲೆ, ಹೋದ ವರ್ಷ ಮುರಿದ ಮೊಣಕಾಲು. ಜೂನಿಯರ್ ಕಬಡ್ಡಿ ತಂಡ ಸೇರಲು ಗುರುಪಾದನಿಗೆ ವಯಸ್ಸಿನ ಲೆಕ್ಕದಲ್ಲಿ ಇದೇ ಕೊನೆಯ ಸಲ. ಅಂಥದ್ದರಲ್ಲಿ ಮಗ ಎರಡು ದಿನದಿಂದ ಅನ್ನ ಮುಟ್ಟಿಲ್ಲವೆಂದು ನೀಲವ್ವನ ಜೀವ ಬಾಯಿಗೆ ಬಂದಿತ್ತು. ಆಯ್ಕೆ ನಡೆಯುತ್ತಿದ್ದ ಮೈದಾನದ ಬಾಗಿಲಲ್ಲೇ ಡಬ್ಬಿ ಬಿಚ್ಚಿದಳು.

"ಅಂಟಿನುಂಡಿ ತಿನ್ನಾಕ ನಾ ಏನ್ ಬಾಣಂತಿ ಏನಬೇ? ಮೊದಲ ತೂಕ ಮಾಡ್ತಾರ, ಆಮ್ಯಾಲ ತಿಂತೀನಿ."

"ತೂಕ ಮಾಡ್ತಾರಂತನ ತಿನ್ನೋ ನನ್ನಪ್ಪಾ! ಬಾಡಿದ ಈ ಮಾರಿ ನೋಡಿ ಯಾರ ತಗೋತಾರ? ನನ್ನಾಣಿ ಐತಿ ನಿನಗ."

ಆಣೆಗೆ ಹೆದರಿ ಅವನು ಎರಡು ಉಂಡಿ ನುಂಗಿದ. ತೂಕದ ಯಂತ್ರ ಹತ್ತಿದ ಮಗನನ್ನು ನೀಲವ್ವ ಕೈ ಮುಗಿದುಕೊಂಡೇ ನೋಡಿದಳು.

"ಎಪ್ಪತ್ತು ಕಿಲೋ ದಾಟಬಾರದಾಗಿತ್ತಲ್ಲೋ ತಮ್ಮಾ," ಎಂದರು ತೂಕ ಬರೆದುಕೊಳ್ಳುತ್ತಿದ್ದ ಮಾಸ್ತರರು, "ಎಂಬತ್ತು ಗ್ರಾಂ ಹೆಚ್ಚಾತು. ಇಳಿ."