ಸದ್ದು ಕೇಳಿ ಹೇಳು, ಚಿಕ್ಕಪ್ಪ

ಎರಡು ಕಾಲೂ ಸ್ವಾಧೀನ ಇಲ್ದಿದ್ರೇನು, ಎಂಜಿನ್ ವಿಷ್ಯದಲ್ಲಿ ಚಿಕ್ಕವೀರಣ್ಣನ ಕಿವಿ ಅಂದ್ರೆ ಕಿವಿ ಕಣ್ರಪ್ಪ. ಮನೇಲೇ ಗೋ-ಕಾರ್ಟ್ ಅನ್ನೋ ಪುಟ್ಟ ರೇಸ್ ಗಾಡಿ ಕಟ್ತಿದ್ದ ಅಣ್ಣನ ಮಕ್ಕಳು ಅವನನ್ನ ಜಗುಲಿ ಮೇಲೆ ಕೂರಿಸಿ, ಹಿತ್ತಲಲ್ಲಿ ಒಂದೊಂದೇ ಹಳೇ ಎಂಜಿನ್ ಸ್ಟಾರ್ಟ್ ಮಾಡಿದ್ರು.

“ಸೈಲೆನ್ಸರ್ ಬಿಚ್ರೋ ಮುಂಡೇವಾ! ಆಗ್ಲೇ ಎಂಜಿನ್ ಬಂಡವಾಳ ಗೊತ್ತಾಗೋದು.”

ಬಿಚ್ಚಿದ್ರು.

“ಇದಕ್ಕೆ ಗೂರಲು ಹಿಡಿದೈತೆ, ಎಸೀರಿ. ಹಾಂ, ಈ ಎರಡನೇದು ನೀರೆತ್ತಕ್ಕೇ ಸರಿ.” ಮೂರನೇದು ಕೇಳಿ ತೊಡೆ ತಟ್ಟಿದ. “ಆಹಾ, ಇದನ್ನೇ ಹಾಕ್ರೋ! ಯಾವನೋ ಪುಣ್ಯಾತ್ಮ ಮಗು ಥರ ಸಾಕವ್ನೆ.”

“ಆಮೇಲೆ ಮಾತು ತಪ್ಪಬಾರ್ದು, ಚಿಕ್ಕಪ್ಪ.”

“ನನ್ನ ಮಾತು ಅಂದ್ರೆ ಮಾತು. ಸರಿ, ನಾನು ಪೇಟೆಗೆ ಹೋಗ್ಬೇಕು, ನನ್ನ ಸೈಡ್‌ವೀಲ್ ಸ್ಕೂಟರ್ ತನ್ನಿ.”

“ಅದರ ಎಂಜಿನ್ನೇ ಅಲ್ವಾ ಚಿಕ್ಕಪ್ಪ, ನೀನು ಈಗ ಹಾಕ್ರೋ ಅಂದಿದ್ದು?”