ತಲೆ ಕತ್ತರಿಸಿದ ಲಾರಿ

ಗಾಡಿಯ ಎಂಜಿನ್ನಿನಲ್ಲಿ ಕಾರ್ಬ್ಯುರೇಟರ್ ಇದ್ದ ಜಾಗದಲ್ಲಿ ಈಗ ತೂತು ಮಾತ್ರ ಇತ್ತು. ಪಳನಿಸಾಮಿ ತಂಗಿಯ ಮಗ ದಿವಾಕರನ ಕೊರಳಪಟ್ಟಿ ಹಿಡಿದು ಶೆಡ್ಡಿನ ಗೋಡೆಗೆ ಒತ್ತಿದ.

“ಎಲ್ಲಿಟ್ಟೆ? ಹೇಳು.”

“ಸತ್ಯವಾಗ್ಲೂ ಗೊತ್ತಿಲ್ಲ ಮಾವಾ. ಕದಿಯೋನು ಹೊಸ ಬ್ಯಾಟರಿ ಬಿಟ್ಟು ಈ ಹಳೇ ಸಾಮಾನು ಯಾಕೆ ಎತ್ಕೊಂಡು ಹೋಗ್ತಾನೆ?”

ಪಳನಿಸಾಮಿ ಅವನ ಕಪಾಳಕ್ಕೆ ಹೊಡೆದ.

“ಬಿಡಪ್ಪಾ ಅವನನ್ನ,” ಎಂಬ ದನಿ ಗೇಟಿನ ಬಳಿಯಿಂದ ಬಂತು. ಮಗ ಕಾರ್ತಿ ತಾಯಿ ಅಂಗಮ್ಮನೊಂದಿಗೆ ಪೀಳಮೇಡಿನ ಆಸ್ಪತ್ರೆಯಿಂದ ಆಗಷ್ಟೇ ಬಸ್ಸಿಳಿದು ಬಂದಿದ್ದ. ಎಡಗೈಗೆ ಬ್ಯಾಂಡೇಜು. “ಹೋದ್ರೆ ಹೋಗ್ಲಿ. ಇನ್ನೊಂದು ಹುಡುಕಿದ್ರಾಯ್ತು.”

ದಿವಾಕರ ಕೆನ್ನೆ ಉಜ್ಜಿಕೊಳ್ಳುತ್ತಾ ಹೊರಬಿದ್ದ. ಬಾಗಿಲಲ್ಲಿ ಅಂಗಮ್ಮನ ಮುಂದೆ ನಿಂತ.

“ಅತ್ತೆ, ಆಸ್ಪತ್ರೆಗೆ ಹೋಗೋ ಮುಂಚೆ ನೀವೇ ಎತ್ತಿಟ್ಟಿದ್ರೆ ಹೇಳ್ಬಿಡಿ.”

“ನಾನ್ಯಾಕೆ ಒಂದೊಂದೇ ಎತ್ತಲಿ? ಇಡೀ ವಂಡಿಗೇ ಬೆಂಕಿ ಇಡ್ತೀನಿ,” ಎಂದಳು ಅಂಗಮ್ಮ. ಹೊಗೆ, ಧೂಳು, ವೆಲ್ಡಿಂಗಿನ ಬೆಂಕಿ, ಯಾವುದೂ ಮಗನಿಗೆ ಆಗದು ಎಂದು ಮೊದಲಿನಿಂದಲೂ ಅವಳಿಗೆ ಅಪ್ಪ ಮಗ ಕಟ್ಟುತ್ತಿದ್ದ ಆ ಗಾಡಿ ಕಂಡರೆ ಆಗುತ್ತಿರಲಿಲ್ಲ.

ಪೊಳ್ಳಾಚಿಯ ತೋಟಗಳಿಂದ ಪಳನಿಸಾಮಿ ಇಪ್ಪತ್ತು ವರ್ಷ ತೆಂಗಿನಕಾಯಿ ಸಾಗಿಸಿದ ಲಾರಿ ಅದು. ಗುಜರಿಗೆ ಹಾಕುವಾಗ ಮುಂದಿನ ಕ್ಯಾಬಿನ್ ಮಾತ್ರ ಉಳಿಸಿಕೊಂಡಿದ್ದ. ಈಗ ಅದರ ಟಾಪು ಕತ್ತರಿಸಿ, ಜೀಪಿನ ಚಾಸಿಯ ಮೇಲೆ ತಗ್ಗಿಸಿ ಕೂರಿಸಿ, ಹಳೆಯ ಅಂಬಾಸಡರಿನ ಪೆಟ್ರೋಲ್ ಎಂಜಿನ್ ಇಟ್ಟಿದ್ದರು. ಇಬ್ಬರೇ ಕೂರುವ, ತೆರೆದ ರೋಡ್‌ಸ್ಟರ್. ಊರಿನವರು ‘ತಲೆ ಕತ್ತರಿಸಿದ ಲಾರಿ’ ಎಂದು ನಗುತ್ತಿದ್ದರು. ಕಾರ್ತಿ ಹುಟ್ಟಿದಾಗ ಬಾಗಿಲ ಮೇಲೆ ಬರೆಸಿದ್ದ ಅವನ ಹೆಸರು ಮಾಸಿದರೂ ಹಾಗೇ ಇತ್ತು.

ಕಾರ್ತಿಗೆ ಈಗ ಇಪ್ಪತ್ತಾರು. ಕಿಡ್ನಿ ಎರಡೂ ಹೋಗಿದ್ದವು. ಅಂಗಮ್ಮ ಕೊಟ್ಟದ್ದೂ ಅವನ ಮೈಗೆ ಹಿಡಿಸಲಿಲ್ಲ. ವಾರಕ್ಕೆ ಮೂರು ಸಲ ಡಯಾಲಿಸಿಸ್. ಕುಡಿಯುವ ನೀರಿಗೂ ಅಳತೆ. ಎಳನೀರಂತೂ ವಿಷ, ಅದರ ಪೊಟ್ಯಾಸಿಯಂಗೆ ಎದೆಬಡಿತವೇ ನಿಲ್ಲಬಹುದು ಎಂದಿದ್ದರು ಡಾಕ್ಟರು. ಸುತ್ತ ನೋಡಿದರೆ ತೆಂಗಿನ ಮರ ಬಿಟ್ಟು ಬೇರೇನೂ ಇಲ್ಲದ ಊರು.

ಪೊಂಗಲ್ ಹಬ್ಬದ ಹೊತ್ತಿಗೆ ಅವನು ಹಾಸಿಗೆ ಹಿಡಿದಿದ್ದ. ಇನ್ನು ಆಸ್ಪತ್ರೆಯ ಬಸ್ಸು ಹತ್ತುವುದಿಲ್ಲ ಎಂದು ಗೋಡೆಗೆ ಮುಖ ಮಾಡಿ ಮಲಗಿದ್ದ. ಆಗ ಪಳನಿಸಾಮಿಯೇ ಅವನನ್ನು ಎಬ್ಬಿಸಿ ಹಿತ್ತಲಿಗೆ ಕರೆದೊಯ್ದು, ಕ್ಯಾಬಿನ್ನಿನ ಮೇಲಿದ್ದ ಟಾರ್ಪಾಲ್ ಎಳೆದ. “ಫೋನಲ್ಲಿ ಟಾಪಿಲ್ಲದ ಕಾರು ತೋರಿಸ್ತಿದ್ದೆಯಲ್ಲ, ಆ ತರ ಕಟ್ಟೋಣ ಸಾಮಿ,” ಎಂದ, ಮಗನನ್ನು ಮುದ್ದಿಗೆ ಕರೆಯುವ ಹೆಸರಿನಲ್ಲಿ.

ಕಾರ್ತಿ ಬಹಳ ಹೊತ್ತು ಬಾಗಿಲ ಮೇಲೆ ಕೈಯಾಡಿಸಿದ. “ಇದನ್ನ ಓಡಿಸ್ದೆ ಬಿಡಲ್ಲಪ್ಪಾ. ಅಲ್ಲೀ ತನಕ ಎಷ್ಟು ಬೇಕಾದ್ರೂ ಸೂಜಿ ಚುಚ್ಲಿ.”

ಎಂಜಿನ್ ಕೂರಿಸಿದ ಮೇಲೆ ಕಳ್ಳತನ ಶುರುವಾಯಿತು. ನಾಳೆ ಸ್ಟಾರ್ಟ್ ಮಾಡುವುದು ಎಂದಾಗ ಡಿಸ್ಟ್ರಿಬ್ಯೂಟರ್ ಕ್ಯಾಪ್ ಹೋಯಿತು. ಬೇರೆ ತಂದು ಹಾಕಿದರೆ ಫ್ಯುಯೆಲ್ ಪಂಪ್ ಹೋಯಿತು. ಎಲ್ಲವೂ ಕಾರ್ತಿ ಆಸ್ಪತ್ರೆಗೆ ಹೋದ ದಿನಗಳಲ್ಲೇ. ಪಳನಿಸಾಮಿ ಹೊಸ ಬೀಗ ಹಾಕಿದ. ಒಂದು ಕೀಲಿ ತನ್ನ ಉಡಿದಾರಕ್ಕೆ, ಇನ್ನೊಂದು ಎಂಜಿನ್ ಕೆಲಸ ಮಾಡುವ ದಿವಾಕರನಿಗೆ. ಒಮ್ಮೊಮ್ಮೆ ಆಸ್ಪತ್ರೆಗೆ ಜೊತೆ ಹೋಗುತ್ತಿದ್ದುದನ್ನೂ ಬಿಟ್ಟು, ಶೆಡ್ಡಿನ ಎದುರಿನ ತೆಂಗಿನ ಸಿಪ್ಪೆ ರಾಶಿಯ ಮೇಲೆ ಕಾವಲು ಕೂತ. ಆದರೂ ಕಾರ್ಬ್ಯುರೇಟರ್ ಹೋಗಿತ್ತು.

ಬದಲಿ ತರಲು ಪಳನಿಸಾಮಿಯೇ ಉಕ್ಕಡಂನ ಗುಜರಿ ಅಂಗಡಿಗೆ ಹೋದ. ತಂದದ್ದು ಬೇರೆ ಯಾವುದೋ ಗಾಡಿಯದು.

“ಜೀವಮಾನ ಪೂರ್ತಿ ಲಾರಿ ಓಡಿಸಿ ಇದೂ ತಿಳೀಲಿಲ್ವೇನಪ್ಪಾ?” ಎಂದ ಕಾರ್ತಿ.

“ವಯಸ್ಸಾಯ್ತು ಸಾಮಿ.”

ಒಂದು ಬೆಳಿಗ್ಗೆ ದಿವಾಕರ ಕರೆಯದೆ ಬಂದ. ತಿರುಪ್ಪೂರಿನಲ್ಲಿ ಯಾರದೋ ಕಾರಿನಿಂದ ಬಿಚ್ಚಿಸಿ ತಂದ ಕಾರ್ಬ್ಯುರೇಟರ್ ಕೈಯಲ್ಲಿತ್ತು. “ಈಗ್ಲೇ ಹಾಕ್ತೀನಿ. ಎಲ್ಲಾರೂ ಇಲ್ಲೇ ನಿಂತ್ಕೊಂಡು ನೋಡಿ. ಆಮೇಲೆ ನನ್ನ ಕಳ್ಳ ಅನ್ಬೇಡಿ.”

“ಮೊದ್ಲು ಕಾಫಿ ಕುಡಿ,” ಎಂದ ಪಳನಿಸಾಮಿ.

“ಬೇಡ ಮಾವಾ.”

“ಪೆಟ್ರೋಲ್ ಹಳೇದಾಗಿದೆ. ರಾಹುಕಾಲ ಬೇರೆ. ನಾಳೆ ನೋಡೋಣ.”

ಕಾರ್ತಿ ನಕ್ಕ. “ರಾಹುಕಾಲ ನೋಡಿ ಎಂದಾದ್ರೂ ಲಾರಿ ತೆಗೆದಿದ್ಯಾ ನೀನು?”

ಎಂಜಿನ್ ಕೆಮ್ಮಿತು. ನಿಂತಿತು. ಮತ್ತೆ ಹಿಡಿಯಿತು. ದಿವಾಕರ ಕೂಗಿ ಕುಣಿದ. ಬೆಂಕಿ ಇಡುತ್ತೇನೆ ಎಂದಿದ್ದ ಅಂಗಮ್ಮ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಳು. ಪಳನಿಸಾಮಿ ವಂಡಿಯ ಬಾಗಿಲನ್ನು ಬಿಗಿಯಾಗಿ ಹಿಡಿದು ನಿಂತೇ ಇದ್ದ. ಕಣ್ಣಿಂದ ನೀರಿಳಿಯುತ್ತಿತ್ತು.

“ಮಾವನ ಸಂತೋಷ ನೋಡು!” ಎಂದ ದಿವಾಕರ.

“ಹತ್ತಪ್ಪಾ,” ಎಂದ ಕಾರ್ತಿ.

ತೋಟಗಳ ನಡುವಿನ ರಸ್ತೆಯಲ್ಲಿ ವಂಡಿ ಸಾಗಿತು. ತಲೆಯ ಮೇಲೆ ಗರಿಗಳು, ನಡುನಡುವೆ ಆಕಾಶದ ತುಂಡುಗಳು. ಚಿಕ್ಕವನಿದ್ದಾಗ ಕಾರ್ತಿ ಇದೇ ಕ್ಯಾಬಿನ್ನಿನಲ್ಲಿ ಅಪ್ಪನ ಸೀಟಿನ ಹಿಂದೆ ಮಲಗಿ ನಿದ್ದೆಹೋಗುತ್ತಿದ್ದ. ಈಗ ಗೇರು ಬದಲಿಸುತ್ತಿದ್ದವನು ಅವನು, ಪಕ್ಕದ ಸೀಟಿನಲ್ಲಿ ಅಪ್ಪ.

ಕಾರ್ತಿ ಎಳನೀರು ಮಾರುವವನ ಮುಂದೆ ನಿಲ್ಲಿಸಿ ಎರಡು ಕೆತ್ತಲು ಹೇಳಿದ. ಪಳನಿಸಾಮಿ ಮಗನ ಮಣಿಕಟ್ಟು ಹಿಡಿದ. “ಬೇಡ ಸಾಮಿ.”

“ನೀನೂ ಕುಡಿ.”

ಕಾರ್ತಿ ತಲೆ ಹಿಂದಕ್ಕೆಸೆದು ಪೂರ್ತಿ ಕುಡಿದ. ಗದ್ದದಿಂದ ಇಳಿದದ್ದನ್ನು ಒರೆಸಿಕೊಳ್ಳಲೂ ಇಲ್ಲ. “ನಾಳೆ ಆಸ್ಪತ್ರೆಗೆ ಹೋಗಲ್ಲಪ್ಪಾ. ಇನ್ನು ಯಾವತ್ತೂ ಹೋಗಲ್ಲ. ವಂಡಿ ಓಡೋ ತನಕ ಮಾತ್ರ ಸೂಜಿ ಅಂತ ಮಾತಾಗಿತ್ತಲ್ಲ.”

ಪಳನಿಸಾಮಿ ತನ್ನ ಎಳನೀರನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ. “ಇನ್ನೂ ಬಣ್ಣ ಹೊಡೀಬೇಕು,” ಎಂದ. “ಸೀಟು ಹೊಲಿಸ್ಬೇಕು.”

ಕಾರ್ತಿ ವಂಡಿಯನ್ನು ಮನೆಯ ಕಡೆ ತಿರುಗಿಸಿದ.

“ಸಿಪ್ಪೆ ರಾಶಿ ಅಡೀಲಿ ಬಚ್ಚಿಟ್ಟಿರೋದೆಲ್ಲಾ ತೆಗೆದು ದಿವಾಕರನ ಕೈಗೆ ಕೊಡಪ್ಪಾ,” ಎಂದ. “ನಾನು ಇನ್ನೊಂದಿಷ್ಟು ದಿನ ಇರ್ಲಿ ಅಂತ ನೀನು ಕದ್ದೆ. ಪಾಪ, ಏಟು ತಿಂದೋನು ಅವನು.”